ಪುಟ್ಟ ಬಿಟ್‌ಗೊಂದು ಒಳ್ಳೆಯ ಚಕ್ ಎಲ್ಲಿ ಸಿಗುತ್ತೆ?

ಡಿಪ್ಲೊಮಾ ಮತ್ತು ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಪ್ರಾಜೆಕ್ಟ್ ಕಾಲ ಬಂತೆಂದರೆ ಒಂದು ದೃಶ್ಯ ಎಲ್ಲ ಹಾಸ್ಟೆಲ್‌ಗಳಲ್ಲೂ ಸಾಮಾನ್ಯ. ಸರ್ಕೀಟ್ ಬರೆದು ಮುಗಿದಿದೆ. ತಾಮ್ರದ ಬೋರ್ಡ್ ಮೇಲೆ ಪ್ರಿಂಟ್ ಇಳಿಸಿ, ಫೆರಿಕ್ ಕ್ಲೋರೈಡ್‌ನಲ್ಲಿ ಅದ್ದಿ, ತೊಳೆದು ಒಣಗಿಸಿಯೂ ಆಗಿದೆ. ಐಸಿ, ರೆಸಿಸ್ಟರ್, ಕನೆಕ್ಟರ್‌ಗಳೆಲ್ಲ ಟೇಬಲ್ ಮೇಲೆ ಕಾಯುತ್ತಿವೆ. ಇನ್ನು ಉಳಿದದ್ದು ತೂತು ಕೊರೆಯುವ ಕೆಲಸ ಮಾತ್ರ. ಬಹಳಷ್ಟು ತಂಡಗಳು ನಿಂತುಬಿಡುವುದೂ ಅಲ್ಲೇ.

ಐಸಿಯ ಕಾಲಿಗೆ ಬೇಕಾದ ತೂತು ಸುಮಾರು 0.8 ಮಿ.ಮೀ., ಕನೆಕ್ಟರ್‌ಗೆ 1 ಮಿ.ಮೀ. ಮನೆಯಲ್ಲಿರುವ ಡ್ರಿಲ್ ಮಷಿನ್ ಗೋಡೆಗೆ ಫೋಟೊ ತೂಗುಹಾಕಲು ತಂದದ್ದು. ಅದರ ಚಕ್ ಮೇಲೆ ಅಚ್ಚೊತ್ತಿರುವ ಅಂಕಿಯನ್ನು ಓದಿ ನೋಡಿ. ಸಾಮಾನ್ಯವಾಗಿ 1.5–13 ಎಂದಿರುತ್ತದೆ. ನಾವೆಲ್ಲ ಓದುವುದು ಕೊನೆಯ ಅಂಕಿಯನ್ನು: ‘ಹದಿಮೂರು ಎಂಎಂ ಮಷಿನ್’. ಮೊದಲ ಅಂಕಿಯೂ ಅಷ್ಟೇ ಮುಖ್ಯ. ಒಂದೂವರೆ ಮಿಲಿಮೀಟರ್‌ಗಿಂತ ಸಣ್ಣ ಬಿಟ್ ಅನ್ನು ಹಿಡಿಯುವುದು ನನ್ನಿಂದಾಗದು ಎಂದು ಚಕ್ ತಾನೇ ಹೇಳುತ್ತಿರುತ್ತದೆ.

ನಾನು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ ಕೆಲಸ ಹುಡುಕುತ್ತಿದ್ದೇನೆ. ಹೆಬ್ಬಾಳದಲ್ಲಿ ಇಬ್ಬರು ಗೆಳತಿಯರ ಜತೆ ರೂಮ್ ಮಾಡಿಕೊಂಡಿದ್ದೇನೆ. ಕಾಲೇಜಿನ ಜೂನಿಯರ್‌ಗಳು ‘ಅಕ್ಕಾ, ನಮ್ಮ ಬೋರ್ಡ್‌ಗಳನ್ನು ನೀವೇ ಮಾಡಿಕೊಡಿ, ದುಡ್ಡು ಕೊಡ್ತೀವಿ’ ಎಂದು ಬಂದಾಗ ಖುಷಿಯಾಯಿತು. ನಾಲ್ಕು ತಂಡ, ಎಂಟು ಬೋರ್ಡ್, ಒಂದೊಂದರಲ್ಲೂ ನೂರಕ್ಕೂ ಹೆಚ್ಚು ತೂತು, ಹತ್ತು ದಿನದ ಗಡುವು. ಬರುವ ಹಣ ಆ ತಿಂಗಳ ನನ್ನ ಪಾಲಿನ ಬಾಡಿಗೆಗೆ ಸರಿಹೋಗುತ್ತಿತ್ತು. ಹಾಗಾಗಿ ಒಂದು ಒಳ್ಳೆಯ ಪುಟ್ಟ ಚಕ್ ಹುಡುಕುವುದು ನನಗೆ ಹವ್ಯಾಸದ ವಿಷಯವಾಗಿರಲಿಲ್ಲ. ಆ ಹತ್ತು ದಿನದಲ್ಲಿ ಅಂಗಡಿ ಅಂಗಡಿ ಅಲೆದು, ಹಿರಿಯರನ್ನು ಕೇಳಿ ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ. ಮುಂದಿನ ಪ್ರಾಜೆಕ್ಟ್ ಕಾಲದಲ್ಲಿ ಯಾರಿಗಾದರೂ ಉಪಯೋಗಕ್ಕೆ ಬರಲಿ.

ದೊಡ್ಡ ಚಕ್ ಯಾಕೆ ಆಗದು?

ನಾವು ದಿನವೂ ನೋಡುವ ಮೂರು ದವಡೆಯ, ಕೀಲಿಯಿಂದ ಬಿಗಿಮಾಡುವ ಚಕ್‌ಗೆ ನೂರಿಪ್ಪತ್ತು ವರ್ಷ ದಾಟಿದೆ. ಅಮೆರಿಕದ ಆರ್ಥರ್ ಜೇಕಬ್ಸ್ ಇದಕ್ಕೆ ಪೇಟೆಂಟ್ ಪಡೆದದ್ದು 1902ರಲ್ಲಿ. ಓರೆಯಾಗಿ ಕೊರೆದ ಮೂರು ದಾರಿಗಳಲ್ಲಿ ಮೂರು ದವಡೆ ಜಾರುತ್ತವೆ. ಹೊರಗಿನ ಉಂಗುರ ತಿರುಗಿಸಿದರೆ ಮೂರೂ ಒಟ್ಟಿಗೆ ಮುಂದೆ ಬಂದು ನಡುವಿನ ಬಿಟ್ ಅನ್ನು ಅಮುಕಿ ಹಿಡಿಯುತ್ತವೆ. ಇವತ್ತಿಗೂ ಅಷ್ಟೇ.

ದೊಡ್ಡ ಚಕ್‌ನ ದವಡೆಗಳ ತುದಿ ದಪ್ಪ. ಪೂರ್ತಿ ಮುಚ್ಚಿದರೂ ನಡುವೆ ಕಿಂಡಿ ಉಳಿಯುತ್ತದೆ. 0.8ರ ಬಿಟ್ ಹಾಕಿದರೆ ಒಂದೋ ಅದು ಸಡಿಲವಾಗಿ ತಿರುಗುತ್ತದೆ, ಇಲ್ಲವೇ ಎರಡು ದವಡೆಗಳ ಸಂದಿನಲ್ಲಿ ಸಿಕ್ಕಿ ಓರೆಯಾಗಿ ನಿಲ್ಲುತ್ತದೆ. ಬಿಟ್‌ನ ಬುಡಕ್ಕೆ ತಾಮ್ರದ ತಂತಿ ಸುತ್ತಿ ದಪ್ಪ ಮಾಡಿ ಹಾಕುವ ಉಪಾಯ ಹಾಸ್ಟೆಲ್‌ಗಳಲ್ಲಿ ಚಾಲ್ತಿಯಲ್ಲಿದೆ. ಅದರಿಂದ ಬಿಟ್ ಬೀಳುವುದಿಲ್ಲ ನಿಜ. ಆದರೆ ನೇರವಾಗಿಯೂ ನಿಲ್ಲುವುದಿಲ್ಲ.

ಈ ನೇರವಾಗಿ ನಿಲ್ಲದಿರುವುದಕ್ಕೆ ವರ್ಕ್‌ಶಾಪ್ ಭಾಷೆಯಲ್ಲಿ ‘ರನ್‌ಔಟ್’ ಅನ್ನುತ್ತಾರೆ. ಕ್ರಿಕೆಟ್‌ನ ರನ್‌ಔಟ್ ಅಲ್ಲ. ಬಿಟ್ ತನ್ನ ನಡುರೇಖೆಯ ಮೇಲೆ ತಿರುಗದೆ ತುದಿಯಲ್ಲಿ ಸಣ್ಣ ವೃತ್ತ ಬರೆಯುತ್ತಾ ತಿರುಗುವುದು. ಲೆಕ್ಕ ಹಾಕಿ ನೋಡಿ. ಬಿಟ್ ನಡುವಿನಿಂದ 0.1 ಮಿ.ಮೀ. ಸರಿದಿದ್ದರೆ ತುದಿ 0.2 ಮಿ.ಮೀ. ಅಗಲದ ವೃತ್ತ ಬರೆಯುತ್ತದೆ. 10 ಮಿ.ಮೀ. ಬಿಟ್‌ಗೆ ಅದು ಐವತ್ತನೇ ಒಂದು ಭಾಗ, ಗೊತ್ತೇ ಆಗುವುದಿಲ್ಲ. 0.8ರ ಬಿಟ್‌ಗೆ ಅದು ತನ್ನ ದಪ್ಪದ ಕಾಲು ಭಾಗ! ತೂತು ಅಗಲವಾಗುತ್ತದೆ, ಸುತ್ತಲಿನ ತಾಮ್ರದ ಪ್ಯಾಡ್ ಕಿತ್ತುಬರುತ್ತದೆ, ಬಿಟ್ ಟಕ್ಕನೆ ಮುರಿಯುತ್ತದೆ.

ಇನ್ನೊಂದು ಕಾರಣವೂ ಇದೆ. ಉದ್ದ ಒಂದೇ ಇದ್ದು ದಪ್ಪ ಅರ್ಧವಾದರೆ, ಬಾಗದೆ ನಿಲ್ಲುವ ಶಕ್ತಿ ಹದಿನಾರನೇ ಒಂದು ಭಾಗಕ್ಕೆ ಇಳಿಯುತ್ತದೆ. ಹಾಗಾಗಿ ದೊಡ್ಡ ಬಿಟ್ ಸಹಿಸಿಕೊಳ್ಳುವ ಓರೆಕೋರೆಯನ್ನು ಸಣ್ಣ ಬಿಟ್ ಸಹಿಸುವುದಿಲ್ಲ.

ವೇಗದ ಲೆಕ್ಕವೂ ಬೇರೆ. ಐಟಿಐ, ಡಿಪ್ಲೊಮಾದವರಿಗೆ ಕತ್ತರಿಸುವ ವೇಗದ ಸೂತ್ರ ನೆನಪಿರಬಹುದು. ನಿಮಿಷಕ್ಕೆ 30 ಮೀಟರ್ ವೇಗ ಬೇಕೆಂದರೆ 10 ಮಿ.ಮೀ. ಬಿಟ್ ಸುಮಾರು 955 ಸುತ್ತು ತಿರುಗಿದರೆ ಸಾಕು. 1 ಮಿ.ಮೀ. ಬಿಟ್ ಸುಮಾರು 9,550 ಸುತ್ತು ತಿರುಗಬೇಕು. ಗೋಡೆ ಕೊರೆಯುವ ಮಷಿನ್‌ಗೆ ಅಷ್ಟು ವೇಗವೂ ಇಲ್ಲ, ಸಣ್ಣ ಕೆಲಸಕ್ಕೆ ಒಗ್ಗುವ ತೂಕವೂ ಅಲ್ಲ. ಬೇಕಾದದ್ದು ಪುಟ್ಟ ಮೋಟರ್, ಅದಕ್ಕೆ ತಕ್ಕ ಪುಟ್ಟ ಚಕ್.

ಅಂಗಡಿಯಿಂದ ಅಂಗಡಿಗೆ

ಮೊದಲು ಹೋದದ್ದು ಒಂದು ಹಾರ್ಡ್‌ವೇರ್ ಅಂಗಡಿಗೆ. ‘0.8 ಬಿಟ್ ಹಿಡಿಯೋ ಚಕ್ ಬೇಕಿತ್ತು ಅಣ್ಣಾ’ ಅಂದೆ. ‘ಯಾರಿಗಮ್ಮಾ? ಅಪ್ಪಾಜಿ ಕಾರ್ಪೆಂಟ್ರಾ?’ ಎಂದು ಕೇಳಿದರು. ನನಗೇ ಬೇಕು, ಪಿಸಿಬಿ ಮಾಡಬೇಕು ಅಂದಾಗ ಒಂದು ಕ್ಷಣ ನೋಡಿ, ಒಳಗಿಂದ 10 ಮಿ.ಮೀ. ಚಕ್ ತಂದಿಟ್ಟರು. ಅದರ ಮೇಲೆ 1–10 ಎಂದಿತ್ತು. ನಾನು ಅಂಕಿ ತೋರಿಸಿದೆ. ಅವರು ನಕ್ಕು, ‘ಇಷ್ಟು ಸಣ್ಣದು ನಮ್ಮ ಕಡೆ ಯಾರೂ ಕೇಳಲ್ಲಮ್ಮ. ಅಶೋಕ ರಸ್ತೆ ಕಡೆ ಹೋಗಿ, ಅಕ್ಕಸಾಲಿಗರ ಸಾಮಾನು ಮಾರ್ತಾರಲ್ಲ, ಅವರ ಹತ್ತಿರ ಕೇಳಿ’ ಅಂದರು.

ಆ ಮಾತು ದಾರಿ ತೆರೆಯಿತು. ಸಣ್ಣ ಬಿಟ್ ಬಳಸುವವರು ಯಾರೋ ಅವರ ಸಾಮಾನು ಮಾರುವ ಕಡೆ ಹುಡುಕಬೇಕು. ಅಕ್ಕಸಾಲಿಗರು ಮೊಳೆಗೆ ನೇತುಹಾಕುವ ಮೋಟರ್ ಬಳಸುತ್ತಾರೆ. ಅದರಿಂದ ಬಳುಕುವ ಉದ್ದನೆಯ ಶಾಫ್ಟ್ ಇಳಿದು ಕೈಯಲ್ಲಿ ಹಿಡಿಯುವ ಹ್ಯಾಂಡ್‌ಪೀಸ್‌ಗೆ ಸೇರುತ್ತದೆ. ಅದರ ತುದಿಯಲ್ಲಿರುವುದು ಇದೇ ಜೇಕಬ್ಸ್ ಮಾದರಿಯ ಪುಟ್ಟ ಮೂರು ದವಡೆಯ ಚಕ್. ಸೊನ್ನೆಯಿಂದ 4 ಮಿ.ಮೀ.ವರೆಗೆ ಹಿಡಿಯುವಂಥದ್ದು, ಬೆರಳುಗಾತ್ರದ ಕೀಲಿಯ ಸಮೇತ. ಮೂಗುತಿಯಲ್ಲಿ ಹರಳು ಕೂರಿಸುವವರಿಗೆ ಬೇಕಾದ ನೇರವೇ ನಮ್ಮ ಬೋರ್ಡ್‌ಗೂ ಬೇಕಾದದ್ದು.

ಅಲ್ಲಿಂದ ಮುಂದೆ ಶಿವರಾಂಪೇಟೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳು, ಆಮೇಲೆ ಆನ್‌ಲೈನ್. ನಮ್ಮ ಬಜೆಟ್‌ಗೆ ನಿಲುಕುವ ಬಗೆಗಳು ನಾಲ್ಕು.

ನಾಲ್ಕು ಬಗೆಯ ಹಿಡಿತ

ಒಂದು, ಪಿನ್ ವೈಸ್. ಪೆನ್ನಿನಂತಿರುವ ಕೈ ಉಪಕರಣ. ಮೋಟರ್ ಇಲ್ಲ, ಬೆರಳಲ್ಲೇ ತಿರುಗಿಸುವುದು. ತುದಿಯಲ್ಲಿ ಸೀಳಿದ ಪುಟ್ಟ ಹಿಡಿ ಇರುತ್ತದೆ. ಹತ್ತಾರು ತೂತಿಗೆ, ಮುಚ್ಚಿಹೋದ ತೂತು ಬಿಡಿಸಲು, ಪ್ಲಾಸ್ಟಿಕ್ ಮಾದರಿ ಮಾಡಲು ಇದಕ್ಕಿಂತ ಒಳ್ಳೆಯದಿಲ್ಲ. ಎಂಟು ನೂರು ತೂತಿಗೆ ಆಗದು.

ಎರಡು, ಹಿತ್ತಾಳೆಯ ಕಾಲೆಟ್ ಸೆಟ್. ಕಾಲೆಟ್ ಅಂದರೆ ಉದ್ದಕ್ಕೆ ಸೀಳಿದ ಕೊಳವೆ. ಮೇಲಿನ ನಟ್ ಬಿಗಿಮಾಡಿದರೆ ಸೀಳು ಮುಚ್ಚಿ ಬಿಟ್ ಅನ್ನು ಸುತ್ತಲೂ ಸಮವಾಗಿ ಹಿಡಿಯುತ್ತದೆ. ಅಳತೆಗೊಂದು ಕಾಲೆಟ್ ಬೇಕು. ಒಂದು ಸಿನಿಮಾ ಟಿಕೆಟ್‌ನ ಆಸುಪಾಸಿನ ಬೆಲೆಗೆ ಸೆಟ್ ಸಿಗುತ್ತದೆ. ಹಗುರ, ಪುಟ್ಟ ಮೋಟರ್‌ಗೆ ಹೊಂದುತ್ತದೆ. ಆದರೆ ಮೋಟರ್ ಶಾಫ್ಟ್‌ಗೆ ಇದನ್ನು ಕೂರಿಸುವುದು ಪಕ್ಕದ ಪುಟ್ಟ ಗ್ರಬ್ ಸ್ಕ್ರೂಗಳಿಂದ. ಒಂದೇ ಸ್ಕ್ರೂ ಇದ್ದರೆ ಅದು ಶಾಫ್ಟ್ ಅನ್ನು ಒಂದು ಬದಿಗೆ ತಳ್ಳುತ್ತದೆ, ರನ್‌ಔಟ್ ಶುರುವಾಗುವುದೇ ಅಲ್ಲಿ. ಎದುರುಬದುರು ಎರಡು ಸ್ಕ್ರೂ ಇರುವುದನ್ನು ಆರಿಸಿ, ಎರಡನ್ನೂ ಸ್ವಲ್ಪ ಸ್ವಲ್ಪವೇ ಬಿಗಿಮಾಡುತ್ತಾ ಬನ್ನಿ.

ಮೂರು, ಪುಟ್ಟ ಮೂರು ದವಡೆಯ ಚಕ್. ಇದರ ಮೈಮೇಲೆ 0.3–4 ಮತ್ತು ಜೆಟಿ0 ಎಂದಿರುತ್ತದೆ. ಸ್ವಲ್ಪ ದೊಡ್ಡದು 0.6–6, ಬಿ10. ಜೆಟಿ0, ಬಿ10 ಎಂಬುದು ಹಿಂದಿನ ಓರೆ ತೂತಿನ ಅಳತೆ. ಒಂದೇ ಚಕ್‌ನಲ್ಲಿ ಎಲ್ಲ ಸಣ್ಣ ಬಿಟ್‌ಗಳೂ ಕೂರುತ್ತವೆ, ಬದಲಾಯಿಸುವುದು ಸುಲಭ. ಓರೆ ತೂತಿಗೆ ಅಡಾಪ್ಟರ್ ಸೇರಿಸುವ ಮುನ್ನ ಎರಡನ್ನೂ ಒಣ ಬಟ್ಟೆಯಿಂದ ಒರೆಸಬೇಕು. ಎಣ್ಣೆ ಇದ್ದರೆ ಜಾರುತ್ತದೆ, ಒಂದು ಚೂರು ಕಸ ಇದ್ದರೂ ಚಕ್ ಓರೆಯಾಗುತ್ತದೆ. ದವಡೆಗಳನ್ನು ಪೂರ್ತಿ ಒಳಕ್ಕೆ ತೆಗೆದುಕೊಂಡು, ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಕೂರಿಸಬೇಕು.

ನಾಲ್ಕು, ಇಆರ್11 ಕಾಲೆಟ್. ಇಆರ್ ಮಾದರಿ ಸ್ವಿಟ್ಜರ್ಲೆಂಡ್‌ನಲ್ಲಿ 1972ರಲ್ಲಿ ಹುಟ್ಟಿದ್ದು. ಇಂದು ಜಗತ್ತಿನ ಸಿಎನ್‌ಸಿ ಮಷಿನ್‌ಗಳಲ್ಲೆಲ್ಲ ಇದೆ. ಇದರಲ್ಲೂ ಅಳತೆಗೊಂದು ಕಾಲೆಟ್. 1 ಮಿ.ಮೀ. ಕಾಲೆಟ್ ಅರ್ಧದಿಂದ ಒಂದು ಮಿಲಿಮೀಟರ್‌ವರೆಗೆ ಹಿಡಿಯುತ್ತದೆ. 5 ಮಿ.ಮೀ. ಮೋಟರ್ ಶಾಫ್ಟ್‌ಗೆ ಕೂರುವ ಇಆರ್11 ಹಿಡಿಗಳು ಸಿಗುತ್ತವೆ. ನಾಲ್ಕರಲ್ಲಿ ಹೆಚ್ಚು ನೇರ ಇದೇ, ತೂಕವೂ ಬೆಲೆಯೂ ಹೆಚ್ಚು. ಕೈಯಲ್ಲಿ ಹಿಡಿದು ಕೊರೆಯುವವರಿಗೆ ಭಾರ, ಸ್ಟ್ಯಾಂಡ್ ಇದ್ದವರಿಗೆ ಸರಿ.

ಯಾವುದನ್ನೇ ಕೊಳ್ಳಿ, ಮೊದಲು ಮೋಟರ್ ಶಾಫ್ಟ್ ಅನ್ನು ವರ್ನಿಯರ್‌ನಲ್ಲಿ ಅಳೆಯಿರಿ. ಪುಟ್ಟ ಮೋಟರ್‌ಗಳಲ್ಲಿ 2.3, 3.17, 5 ಮಿ.ಮೀ. ಶಾಫ್ಟ್‌ಗಳು ಸಾಮಾನ್ಯ. ‘ಹನ್ನೆರಡು ವೋಲ್ಟ್ ಮೋಟರ್‌ಗೆ ಕೊಡಿ’ ಎಂದು ಕೇಳಿದರೆ ಅಂಗಡಿಯವರಿಗೂ ಗೊತ್ತಾಗುವುದಿಲ್ಲ. ವೋಲ್ಟ್‌ಗೂ ಶಾಫ್ಟ್‌ಗೂ ಸಂಬಂಧ ಇಲ್ಲ.

ಮಂಡಿ ಮೊಹಲ್ಲಾದ ಪಾಠ

ಮೈಸೂರಿನಲ್ಲಿ ಸಣ್ಣ ತೂತಿನ ಕೆಲಸಕ್ಕೆ ಪಿಸಿಬಿಗಿಂತ ಹಳೆಯ ಇತಿಹಾಸ ಇದೆ. ಬೀಟೆ ಮರದ ಮೇಲೆ ಬಣ್ಣಬಣ್ಣದ ಮರದ ಚೂರುಗಳನ್ನು ಕೂರಿಸುವ ನಮ್ಮ ಇನ್‌ಲೇ ಕಲೆಗೆ ಜಿಐ ಟ್ಯಾಗ್ ಸಿಕ್ಕಿದೆ. 1912ರಲ್ಲಿ ಪೂರ್ಣಗೊಂಡ ಈಗಿನ ಅರಮನೆಯ ಅಂಬಾವಿಲಾಸದಲ್ಲಿ ದಂತ ಕೂರಿಸಿದ ಬೀಟೆ ಮರದ ಬಾಗಿಲನ್ನು ನೋಡದ ಮೈಸೂರಿಗರಿಲ್ಲ. ಈಗ ದಂತಕ್ಕೆ ನಿಷೇಧವಿದೆ, ಬೇರೆ ಮರ ಮತ್ತು ಪ್ಲಾಸ್ಟಿಕ್ ಬಳಸುತ್ತಾರೆ. ಆನೆಯ ಸೊಂಡಿಲಿನ ಒಳಬಾಗು, ತೆಂಗಿನ ಗರಿಗಳ ಸಂದು, ಇಂಥ ಒಳಗಿನ ಆಕಾರ ಕತ್ತರಿಸಬೇಕೆಂದರೆ ಮೊದಲು ಒಂದು ಸಣ್ಣ ತೂತು ಕೊರೆದು, ನೂಲಿನಂಥ ಗರಗಸದ ಎಳೆಯನ್ನು ಅದರೊಳಗೆ ತೂರಿಸಬೇಕು.

ರೂಮ್‌ಮೇಟ್‌ನ ಪರಿಚಯದವರೊಬ್ಬರು ಮಂಡಿ ಮೊಹಲ್ಲಾದಲ್ಲಿ ಈ ಕೆಲಸ ಮಾಡುತ್ತಾರೆ. ಅವರ ಬಳಿ ಹೋಗಿ ನನ್ನ ಕಷ್ಟ ಹೇಳಿದೆ. ಕೊಂಡಿದ್ದ ಕಾಲೆಟ್ ಸೆಟ್ ಮತ್ತು ಪುಟ್ಟ ಚಕ್ ಎರಡನ್ನೂ ಮುಂದಿಟ್ಟು, ‘ಚಾಚಾ, ಇದರಲ್ಲಿ ಯಾವುದು ಒಳ್ಳೇದು?’ ಅಂದೆ. ಅವರು ಬೆಲೆ ಕೇಳಲಿಲ್ಲ, ಕಂಪನಿ ಹೆಸರನ್ನೂ ಓದಲಿಲ್ಲ. ಚಕ್‌ನ ದವಡೆ ಪೂರ್ತಿ ಮುಚ್ಚಿ ಕಿಟಕಿಯ ಬೆಳಕಿಗೆ ಹಿಡಿದರು. ಆಮೇಲೆ ಒಂದು ಬಿಟ್ ಹಾಕಿ, ಬೆರಳಲ್ಲಿ ನಿಧಾನ ತಿರುಗಿಸುತ್ತಾ ತುದಿಯನ್ನೇ ನೋಡಿದರು. ‘ಹಿಡ್ಕೊಳ್ಳೋದು ಎಲ್ಲಾ ಹಿಡ್ಕೊಳ್ತವೆ ಬೇಟಾ. ನೆಟ್ಟಗೆ ಹಿಡ್ಕೊಳ್ತದಾ ನೋಡು’ ಅಂದರು. ಬಡಗಿಗಳು ಬಿಲ್ಲಿನ ಹಗ್ಗದಿಂದ ಬೈರಿಗೆ ತಿರುಗಿಸುತ್ತಿದ್ದ ಕಾಲದಿಂದಲೂ ಪರೀಕ್ಷೆ ಇದೇ ಅಂತೆ.

ಕೌಂಟರ್‌ನಲ್ಲೇ ಮಾಡಬಹುದಾದ ಪರೀಕ್ಷೆ

ಅವರು ತೋರಿಸಿದ್ದು, ಕಾಲೇಜಿನ ಲ್ಯಾಬ್‌ನಲ್ಲಿ ನಾನು ಖಚಿತಪಡಿಸಿಕೊಂಡದ್ದು ಎರಡನ್ನೂ ಸೇರಿಸಿ ಹೇಳುತ್ತೇನೆ.

ಮೊದಲು, ದವಡೆಗಳನ್ನು ಪೂರ್ತಿ ಮುಚ್ಚಿ ಬೆಳಕಿಗೆ ಹಿಡಿಯಿರಿ. ಮೂರೂ ತುದಿ ಒಂದೇ ಕಡೆ, ಒಂದೇ ಮಟ್ಟದಲ್ಲಿ ಸೇರಬೇಕು. ಒಂದು ಹಿಂದೆ, ಒಂದು ಮುಂದೆ ಇದ್ದರೆ ವಾಪಸ್ ಕೊಡಿ.

ಎರಡನೆಯದಾಗಿ, ಹೊಸ ಬಿಟ್ ಒಂದನ್ನು ಗಾಜಿನ ಮೇಲೆ ಉರುಳಿಸಿ ಅದು ನೇರವಾಗಿದೆ ಎಂದು ಖಾತ್ರಿಮಾಡಿಕೊಂಡು ಚಕ್‌ಗೆ ಹಾಕಿ. ಹಿಂದೆ ಬಿಳಿ ಕಾಗದ ಇಟ್ಟು ಬೆರಳಲ್ಲಿ ನಿಧಾನವಾಗಿ ತಿರುಗಿಸಿ. ತುದಿ ಇದ್ದಲ್ಲೇ ಇರಬೇಕು. ಮೋಟರ್‌ಗೆ ಹಾಕಿದ ಮೇಲೆ ಒಂದು ಬಿಟ್ ಎರಡಾಗಿ ಕಂಡರೆ ಅದು ಓರೆ.

ಮೂರನೆಯದಾಗಿ, ಬಿಟ್ ತೆಗೆದು ಮತ್ತೆ ಹಾಕಿ, ಮೂರು ಸಲ. ಒಂದು ಸಲ ನೇರ ನಿಂತು ಇನ್ನೊಂದು ಸಲ ಓರೆಯಾದರೆ ಅದು ನಂಬಿಕೆಗೆ ಯೋಗ್ಯವಲ್ಲ. ಕೀಲಿ ಹಾಕುವ ಚಕ್ ಆದರೆ ಒಂದೇ ತೂತಿನಲ್ಲಿ ಬಿಗಿಮಾಡಬೇಡಿ. ಮೂರು ತೂತಿನಲ್ಲೂ ಸ್ವಲ್ಪ ಸ್ವಲ್ಪ ತಿರುಗಿಸಿದರೆ ದವಡೆಗಳ ಒತ್ತಡ ಸಮವಾಗುತ್ತದೆ.

ಲ್ಯಾಬ್‌ನಲ್ಲಿ ಡಯಲ್ ಗೇಜ್ ಇದ್ದರೆ ಕೇಳಿ ಬಳಸಿ. 0.01 ಮಿ.ಮೀ.ವರೆಗೆ ತೋರಿಸುತ್ತದೆ. ಮುಳ್ಳಿನ ಓಡಾಟ 0.05ರ ಒಳಗಿದ್ದಾಗ ನನ್ನ 0.8ರ ಬಿಟ್‌ಗಳು ಬದುಕಿದವು. ಅದನ್ನು ದಾಟಿದಾಗ ಬೇಗ ಮುರಿದವು.

ಬಿಟ್‌ನಲ್ಲೇ ಇದೆ ಸುಲಭ ದಾರಿ

ಇಷ್ಟೆಲ್ಲ ಹುಡುಕಿದ ಮೇಲೆ ಸಿಕ್ಕ ಅತ್ಯಂತ ಉಪಯುಕ್ತ ಮಾಹಿತಿ ಚಕ್‌ನದ್ದಲ್ಲ, ಬಿಟ್‌ನದ್ದು. ಪಿಸಿಬಿಗೆಂದೇ ಮಾಡುವ ಕಾರ್ಬೈಡ್ ಬಿಟ್‌ಗಳ ತುದಿ ಎಷ್ಟೇ ಸಣ್ಣದಿರಲಿ, ಸಾಮಾನ್ಯವಾಗಿ ಬುಡ ಮಾತ್ರ ಒಂದೇ ಅಳತೆ: 3.175 ಮಿ.ಮೀ., ಅಂದರೆ ಇಂಚಿನ ಎಂಟನೇ ಒಂದು ಭಾಗ. 0.6, 0.8, 1 ಯಾವುದೇ ಇರಲಿ, ಹಿಡಿಯಬೇಕಾದದ್ದು ಆ ದಪ್ಪ ಬುಡವನ್ನು. ಅಂದಮೇಲೆ ಒಂದೇ 3.175ರ ಕಾಲೆಟ್ ಸಾಕು. ಚಕ್ 0.3ಕ್ಕೆ ಮುಚ್ಚುತ್ತದೋ ಇಲ್ಲವೋ ಎಂಬ ಚಿಂತೆಯೇ ಇಲ್ಲ.

ಒಂದು ಎಚ್ಚರಿಕೆ ಇದೆ. ಕಾರ್ಬೈಡ್ ಗಟ್ಟಿ, ಆದರೆ ಬಾಗುವುದಿಲ್ಲ. ಕೈಯಲ್ಲಿ ಹಿಡಿದು ಕೊರೆಯುವಾಗ ಸ್ವಲ್ಪ ಓಲಿದರೂ ಮುರಿಯುತ್ತದೆ. ಪುಟ್ಟ ಸ್ಟ್ಯಾಂಡ್ ಇದ್ದರೆ ಕಾರ್ಬೈಡ್, ಕೈಯಲ್ಲೇ ಕೊರೆಯುವುದಾದರೆ ಎಚ್‌ಎಸ್‌ಎಸ್ ಬಿಟ್. ಗ್ಲಾಸ್ ಎಪಾಕ್ಸಿ ಬೋರ್ಡ್‌ನಲ್ಲಿ ಎಚ್‌ಎಸ್‌ಎಸ್ ಬೇಗ ಮೊಂಡಾಗುತ್ತದೆ, ಅದಕ್ಕೆ ತಯಾರಿರಬೇಕು.

ಕನ್ನಡಕ ಮರೆಯಬೇಡಿ, ಮುರಿದ ತುದಿ ಕಣ್ಣಿಗೇ ಹಾರುವುದು. ಗಾಜಿನ ಎಳೆಯ ದೂಳು ಶ್ವಾಸಕ್ಕೆ ಕೆಟ್ಟದ್ದು, ಮಾಸ್ಕ್ ಹಾಕಿ. ಜಡೆ ಕಟ್ಟಿಕೊಳ್ಳಿ, ದುಪಟ್ಟಾ ತೆಗೆದಿಡಿ. ಮೋಟರ್ ಶುರುಮಾಡುವ ಮುನ್ನ ಚಕ್‌ನಿಂದ ಕೀಲಿ ತೆಗೆದದ್ದನ್ನು ನೋಡಿಕೊಳ್ಳಿ.

ಇದು ಬರೀ ಹವ್ಯಾಸ ಅಲ್ಲ

ನಮ್ಮ ಪಕ್ಕದ ನಂಜನಗೂಡಿನಲ್ಲಿ ಪಿಸಿಬಿ ತಯಾರಿಕೆ ದಶಕಗಳಿಂದ ನಡೆದಿದೆ. ಅಲ್ಲಿದ್ದ ಇಂಡಾಲ್ ಎಲೆಕ್ಟ್ರಾನಿಕ್ಸ್ ಘಟಕವನ್ನು ಆಸ್ಟ್ರಿಯಾದ ಎಟಿ ಅಂಡ್ ಎಸ್ ಕಂಪನಿ 1999ರಲ್ಲಿ ಕೊಂಡುಕೊಂಡಿತು. ಮೈಸೂರಿನ ಹೊರವಲಯದ ಕೋಚನಹಳ್ಳಿಯಲ್ಲಿ ಪಿಸಿಬಿ ಕ್ಲಸ್ಟರ್ ಮಾಡುವುದಾಗಿ ರಾಜ್ಯ ಸರ್ಕಾರ ಘೋಷಿಸಿದೆ. ಇಂಥ ಕಾರ್ಖಾನೆಗಳ ಡ್ರಿಲ್ಲಿಂಗ್ ಮಷಿನ್‌ಗಳ ಸ್ಪಿಂಡಲ್ ನಿಮಿಷಕ್ಕೆ ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ಅಲ್ಲೂ ಬಿಟ್ ಹಿಡಿಯುವುದು ಕಾಲೆಟ್, ಕಾಡುವುದು ಅದೇ ರನ್‌ಔಟ್. ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರ 1972ರಲ್ಲಿ ಡೆನ್ಮಾರ್ಕ್ ಸಹಕಾರದಿಂದ ಬೆಂಗಳೂರಿನಲ್ಲಿ ಶುರುವಾದದ್ದು. ಮೈಸೂರಿನಲ್ಲೂ ಅದರ ಕೇಂದ್ರವಿದೆ. ಎಸ್ಸೆಸ್ಸೆಲ್ಸಿ ಮುಗಿಸಿದವರು ಅಲ್ಲಿನ ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾ ಬಗ್ಗೆ ವಿಚಾರಿಸಬಹುದು. ಬಿಟ್ ಹಿಡಿಯುವುದನ್ನೂ ಅಳೆಯುವುದನ್ನೂ ಕ್ರಮವಾಗಿ ಕಲಿಯಲು ಅದೊಂದು ಒಳ್ಳೆಯ ದಾರಿ.

ಜೂನಿಯರ್‌ಗಳ ಎಂಟು ಬೋರ್ಡ್‌ಗಳನ್ನು ಒಂಬತ್ತನೇ ದಿನಕ್ಕೆ ಕೊಟ್ಟೆ. ಆ ತಿಂಗಳ ಬಾಡಿಗೆಗೆ ಊರಿಗೆ ಫೋನ್ ಮಾಡಬೇಕಾಗಲಿಲ್ಲ. ಅದಾದ ಮೇಲೆ ಒಂದು ಕಂಪನಿಯ ಸಂದರ್ಶನಕ್ಕೆ ಹೋಗಿದ್ದೆ. ಅಂಕಪಟ್ಟಿ ತಿರುವಿಹಾಕಿದವರು, ‘ಪ್ರಾಕ್ಟಿಕಲ್ ಆಗಿ ಏನು ಮಾಡಿದ್ದೀರಿ?’ ಎಂದು ಕೇಳಿದರು. ಬ್ಯಾಗಿನಲ್ಲಿದ್ದ ಬೋರ್ಡ್ ತೆಗೆದು ತೋರಿಸಿದೆ. ಅವರು ಅದನ್ನು ಬೆಳಕಿಗೆ ಹಿಡಿದು ತೂತುಗಳನ್ನು ನೋಡಿ, ‘ಸಣ್ಣ ಬಿಟ್ ಯಾಕಮ್ಮಾ ಮುರಿಯುತ್ತೆ?’ ಅಂದರು. ಮುಂದಿನ ಹತ್ತು ನಿಮಿಷ ಮಾತಾಡಿದ್ದು ಪಠ್ಯಪುಸ್ತಕದ ವಿಷಯವನ್ನಲ್ಲ, ಚಕ್, ಕಾಲೆಟ್, ಡಯಲ್ ಗೇಜ್ ವಿಷಯವನ್ನು. ಎರಡನೇ ಸುತ್ತಿಗೆ ಕರೆದಿದ್ದಾರೆ. ಕೆಲಸ ಸಿಗುತ್ತದೋ ಇಲ್ಲವೋ ನೋಡಬೇಕು.

ನೀವೂ ಹುಡುಕಲು ಹೊರಟಿದ್ದರೆ ಮೂರು ವಿಷಯ ಬರೆದುಕೊಂಡು ಹೋಗಿ: ಹಿಡಿಯಬೇಕಾದ ಬಿಟ್‌ನ ಬುಡದ ಅಳತೆ, ಮೋಟರ್ ಶಾಫ್ಟ್‌ನ ಅಳತೆ, ಕೌಂಟರ್‌ನಲ್ಲಿ ಮಾಡುವ ಪರೀಕ್ಷೆಗೆ ಒಂದು ನೇರ ಬಿಟ್. ದುಬಾರಿ ಸೆಟ್ ಒಬ್ಬರೇ ಕೊಳ್ಳಬೇಕಿಲ್ಲ, ತಂಡಕ್ಕೊಂದು ಸಾಕು. ಮುಂದಿನ ವರ್ಷ ಜೂನಿಯರ್‌ಗಳಿಗೆ ಕೊಟ್ಟು ಹೋಗಿ. ಕೊಡುವಾಗ ಡಬ್ಬಿಯ ಮೇಲೆ ಶಾಫ್ಟ್ ಅಳತೆಯನ್ನು ಬರೆದಿಡಿ, ಅವರ ಒಂದು ದಿನದ ಅಲೆದಾಟ ಉಳಿಯುತ್ತದೆ.